ಸ್ಟೀವ್ ರೈಶ್ ತಾಳವಾದ್ಯ ಕೃತಿಗಳು: ‘ಕ್ಲ್ಯಾಪಿಂಗ್ ಮ್ಯೂಸಿಕ್’ ಏಳನೇ ಸಾಲಲ್ಲಿ ಯಾಕೆ ಕೈ ತಪ್ಪುತ್ತೆ?

ಜೋಡಿಕೈ

ನಾನೂ ನನ್ನ ತಂಗಿಯೂ ಎರಡು ತಿಂಗಳಿಂದ ಅಮೆರಿಕದ ಸಂಗೀತ ರಚನಕಾರ ಸ್ಟೀವ್ ರೈಶ್ ಅವರ ‘ಕ್ಲ್ಯಾಪಿಂಗ್ ಮ್ಯೂಸಿಕ್’ ಅಭ್ಯಾಸ ಮಾಡ್ತಿದ್ದೀವಿ. 1972ರ ಕೃತಿ. ಇಬ್ಬರ ಚಪ್ಪಾಳೆ ಬಿಟ್ಟರೆ ಬೇರೇನೂ ಬೇಡ. ನಾನು ಮೊದಲಿಂದ ಕೊನೇವರೆಗೆ ಒಂದೇ ಪಾಠ (ಹೊಡೆತ, ಮೌನಗಳ ಒಂದು ಕಟ್ಟು) ತಟ್ಟುತ್ತಾ ಇರಬೇಕು. ಅವಳು ಅದೇ ಪಾಠವನ್ನ ಪ್ರತಿ ಹೊಸ ಸಾಲಿಗೂ ಒಂದೊಂದು ಮಾತ್ರೆ ಜರುಗಿಸಿಕೊಂಡು ಹೋಗಬೇಕು. 13ನೇ ಸಾಲಿಗೆ ಮತ್ತೆ ಇಬ್ಬರೂ ಒಂದಾಗಬೇಕು. ಹೇಳೋಕೆ ಇಷ್ಟೇ.

ಆದರೆ ಏಳನೇ ಸಾಲಿಗೆ ಬಂದರೆ ಸಾಕು, ಇಬ್ಬರ ಕೈಯೂ ಕಟ್ಟಿಹಾಕಿದ ಹಾಗಾಗುತ್ತೆ. ಆರನೇದು ಸಲೀಸಾಗಿ ದಾಟ್ತೀವಿ. ಎಂಟನೇದನ್ನ ಬಿಡಿಯಾಗಿ ಶುರು ಮಾಡಿದರೆ ಅದೂ ಬರುತ್ತೆ. ಏಳರಲ್ಲೇ ಏನಿದೆ? ವೇಗ ಹಿಡಿದು ಟಿಕ್ ಟಿಕ್ ಅನ್ನೋ ಮೆಟ್ರೊನೋಮ್ ಹಾಕಿಕೊಂಡು ನಿಧಾನಕ್ಕೆ ಮಾಡಿದರೂ ಅದೇ ಜಾಗದಲ್ಲಿ ಬೀಳ್ತೀವಿ.

ಇನ್ನೊಂದು ಪ್ರಶ್ನೆ. ಇದು ಕೈಗೆ ಬಂದ ಮೇಲೆ ಅವರ ಬೇರೆ ಯಾವ ಕೃತಿಗೆ ಹೋಗೋದು? ಒಬ್ಬರೇ ನುಡಿಸುವಂಥದ್ದು ಇದೆಯಾ?

ಮಾತ್ರಾಲೆಕ್ಕ

ಏಳನೇ ಸಾಲಿನ ಕಷ್ಟಕ್ಕೆ ಕಾರಣ ಇದೆ. ಬರೆದು ನೋಡಿದರೆ ಕಣ್ಣಿಗೇ ಕಾಣುತ್ತೆ. ಒಂದು ಆವರ್ತಕ್ಕೆ 12 ಮಾತ್ರೆ. ಹೊಡೆತಕ್ಕೆ ‘ತ’, ಮೌನಕ್ಕೆ ಗೆರೆ ಹಾಕಿದ್ದೀನಿ:

ನಿಮ್ಮದು: ತ ತ ತ – ತ ತ – ತ – ತ ತ –

ಮೂರು, ಎರಡು, ಒಂದು, ಎರಡು. ಒಟ್ಟು ಎಂಟು ಹೊಡೆತ. ಪ್ರತಿ ಗುಂಪು ಆದ ಮೇಲೆ ಒಂದು ಮಾತ್ರೆ ಮೌನ. ಈಗ ಏಳನೇ ಸಾಲು, ಅಂದರೆ ಆರು ಮಾತ್ರೆ ಜರುಗಿದ ಮೇಲೆ ತಂಗಿಯ ಪಾಠ:

ತಂಗಿಯದು: – ತ – ತ ತ – ತ ತ ತ – ತ ತ

ಎರಡನ್ನೂ ಒಂದರ ಕೆಳಗೊಂದು ಬರೆದು, ಇಬ್ಬರೂ ಒಟ್ಟಿಗೆ ಹೊಡೆಯುವ ಮಾತ್ರೆಗಳಿಗೆ ಸುತ್ತು ಹಾಕಿ. ಎರಡು, ಐದು, ಎಂಟು, ಹನ್ನೊಂದು. ಮೂರು ಮೂರು ಮಾತ್ರೆಗೆ ಒಂದರಂತೆ, ಅಳೆದಿಟ್ಟ ಹಾಗೆ! ಒಟ್ಟಿಗೆ ಬಿದ್ದ ಚಪ್ಪಾಳೆ ಜೋರಾಗಿ ಕೇಳುತ್ತೆ. ಸಮ ಅಂತರದಲ್ಲಿ ಜೋರಾದ ಹೊಡೆತ ಕೇಳಿದರೆ ಕಿವಿ ಅದನ್ನೇ ತಾಳ ಅಂತ ಹಿಡಿದುಬಿಡುತ್ತೆ. ನಿಜವಾದ ಸಮ, ಅಂದರೆ ಎಣಿಕೆ ಶುರುವಾಗುವ ಮೊದಲ ಮಾತ್ರೆ, ಇರೋದು ಅದಕ್ಕಿಂತ ಒಂದು ಮಾತ್ರೆ ಮುಂಚೆ. ಅಲ್ಲಿಗೆ ನಿಮ್ಮಿಬ್ಬರ ಸಮವೂ ಗೊತ್ತಾಗದ ಹಾಗೆ ಒಂದು ಮಾತ್ರೆ ಜಾರಿರುತ್ತೆ.

ಅದರ ಮೇಲೆ ಇನ್ನೊಂದು. ಈ ಸಾಲಲ್ಲಿ ತಂಗಿಯ ಪಾಠ ಶುರುವಾಗೋದೇ ಮೌನದಿಂದ. ನಮ್ಮ ಮಾತಲ್ಲಿ ಅನಾಗತ. ನಾಲ್ಕನೇ ಸಾಲೂ ಮೌನದಿಂದಲೇ ಶುರುವಾಗುತ್ತೆ. ಆದರೆ ಅಲ್ಲಿ ಜೊತೆಗೂಡುವ ಆರು ಹೊಡೆತಗಳು ಅಡ್ಡಾದಿಡ್ಡಿ ಹರಡಿಕೊಂಡಿರೋದರಿಂದ ಕಿವಿ ಮೋಸಹೋಗಲ್ಲ. ಸಮದ ಜಾಗದಲ್ಲಿ ಅವಳ ಕೈ ಖಾಲಿ, ಪಕ್ಕದಲ್ಲೇ ಇನ್ನೊಂದು ತಾಳದ ಸೆಳೆತ. ಈ ಎರಡೂ ಸೇರೋದು ಏಳರಲ್ಲಿ ಮಾತ್ರ.

ಮೆಟ್ರೊನೋಮ್ ಸಹಾಯ ಮಾಡದೇ ಇರೋದೂ ಇದಕ್ಕೇ. ನಿಮ್ಮ ವೇಗ ತಪ್ಪುತ್ತಿಲ್ಲ, ಸಮ ತಪ್ಪುತ್ತಿದೆ.

ಅನುರಣನ

ಬಾಯಲ್ಲಿ ಹೇಳಿಕೊಂಡು ಮಾಡಿ. ನಾಲ್ಕು, ಮೂರು, ಎರಡು, ಮೂರು. ತಕಧಿಮಿ ತಕಿಟ ತಕ ತಕಿಟ. ಪ್ರತಿ ಗುಂಪಿನ ಕೊನೇ ಅಕ್ಷರಕ್ಕೆ ಕೈ ಬಿಡಿ, ಉಳಿದದ್ದಕ್ಕೆಲ್ಲ ಹೊಡೀರಿ. ನಾನು ಮೃದಂಗದವನು, ನನಗೆ ಇದು ಎರಡೇ ದಿನದಲ್ಲಿ ನಾಲಿಗೆಗೆ ಹತ್ತಿತು.

ಮರದಪಟ್ಟಿ

ಅನುರಣನ ಅವರೇ, ಮೊದಲನೇ ಪಾತ್ರಕ್ಕೆ ಇದು ಒಳ್ಳೇ ಉಪಾಯ. ಎರಡನೇ ಪಾತ್ರಕ್ಕೆ ಇದೇ ಮುಳುವಾಗುತ್ತೆ. ನಾನು ಅನುಭವಿಸಿ ಹೇಳ್ತಿದ್ದೀನಿ. ನಾಲಿಗೆ ‘ತಕಧಿಮಿ’ ಅಂದ ತಕ್ಷಣ ಮನಸ್ಸು ಅಲ್ಲಿಗೇ ಸಮವನ್ನ ಎತ್ತಿಕೊಂಡು ಹೋಗುತ್ತೆ. ಸ್ವರಲಿಪಿಯ ಸೂಚನೆಯಲ್ಲಿ ರೈಶ್ ಎಚ್ಚರಿಸಿರೋದು ಇದನ್ನೇ. ಎರಡನೆಯವರ ಸಮ ಬರೆದಿರೋ ಜಾಗದಲ್ಲೇ, ಆವರ್ತದ ಮೊದಲ ಮಾತ್ರೆಯಲ್ಲೇ ಇರಬೇಕು. ಮೂರು ಚಪ್ಪಾಳೆಯ ಗುಂಪು ಎಲ್ಲಿ ಶುರುವಾಗುತ್ತೋ ಅಲ್ಲಿಗೆ ಹೋಗಬಾರದು. ಅಂದರೆ ಜರುಗಿದ ಪ್ರತಿ ಸಾಲನ್ನೂ ಹೊಸ ಪಾಠ ಅಂತಲೇ ಕಲೀಬೇಕು, ಹಳೇ ಪಾಠ ಬೇರೆ ಕಡೆಯಿಂದ ಶುರುವಾಯ್ತು ಅಂತ ಅಲ್ಲ.

ನಾನು ಮಾಡಿದ್ದು ಹೀಗೆ. ಬಲಗಾಲಿನ ಹಿಮ್ಮಡಿಯಲ್ಲಿ ಮೂರು ಮಾತ್ರೆಗೆ ಒಂದರಂತೆ ನಾಲ್ಕು ತಟ್ಟು ಇಟ್ಟುಕೊಂಡೆ. ಬರೀ ಏಳನೇ ಸಾಲನ್ನ ಒಂದು ವಾರ ಮಾಡಿದೆ. ಅಲ್ಲಿ ಹಿಮ್ಮಡಿ ಒಂದು, ನಾಲ್ಕು, ಏಳು, ಹತ್ತಕ್ಕೆ ಬೀಳುತ್ತೆ. ಜೋಡಿ ಚಪ್ಪಾಳೆ ಪ್ರತಿ ಸಲವೂ ಅದರ ಮರುಕ್ಷಣವೇ ಬೀಳುತ್ತೆ. ಹಿಮ್ಮಡಿ, ಚಪ್ಪಾಳೆ. ಹಿಮ್ಮಡಿ, ಚಪ್ಪಾಳೆ. ಈ ಜೋಡಿ ಮೈಗೆ ಹತ್ತಿದರೆ ಸಾಲು ದಾಟುತ್ತೆ. ಆಮೇಲೆ ಹಿಮ್ಮಡಿಯನ್ನ ಸದ್ದಿಲ್ಲದ ಹಾಗೆ ಮಾಡಿಕೊಳ್ಳಿ, ಕೇಳುವವರಿಗೆ ಅದು ಕೇಳಬಾರದು.

ಇನ್ನೊಂದು ವಿಷಯ. ಅಂಗೈ ಬಟ್ಟಲು ಮಾಡಿ ಹೊಡೀತೀರೋ, ಚಪ್ಪಟೆ ಹಿಡೀತೀರೋ ನಿಮಗೆ ಬಿಟ್ಟದ್ದು. ಆದರೆ ಇಬ್ಬರ ನಾದವೂ ಒಂದೇ ಆಗಿರಬೇಕು ಅಂತಲೂ ಸೂಚನೆಯಲ್ಲಿದೆ. ಯಾರ ಹೊಡೆತ ಯಾವುದು ಅಂತ ಗೊತ್ತಾದರೆ ಎರಡು ಪಾಠ ಕೇಳಿಸುತ್ತೆ. ಗೊತ್ತಾಗದೇ ಇದ್ದರೆ ಇಬ್ಬರೂ ಹೊಡೆಯದ ಮೂರನೇದು ಒಂದು ಕೇಳಿಸುತ್ತೆ. ರೈಶ್ ಬರೆದದ್ದೇ ಆ ಮೂರನೇದಕ್ಕೆ ಅನ್ನೋದು ನನ್ನ ನಂಬಿಕೆ.

ಜೋಡಿಕೈ

ಮಾತ್ರಾಲೆಕ್ಕ ಅವರೇ, ಸುತ್ತು ಹಾಕಿ ನೋಡಿದ ಮೇಲೆ ಇಬ್ಬರೂ ಅರ್ಧ ಗಂಟೆ ಮಾತೇ ಆಡಲಿಲ್ಲ. ಎರಡು ತಿಂಗಳು ನನ್ನ ತಂಗಿಯನ್ನ ‘ಅವಸರ ಮಾಡ್ತೀಯ’ ಅಂತ ಬೈದಿದ್ದೆ. ಕ್ಷಮೆ ಕೇಳಿದೆ.

ಹಿಮ್ಮಡಿ ಪ್ರಯೋಗ ಇವತ್ತಿಂದ ಶುರು.

ಹಿಂದಿನಬೆಂಚು

ನಾನು ನುಡಿಸುವವನಲ್ಲ, ಕೇಳುಗ. ಒಂದು ಮಾತು ಕೇಳಬೇಕು ಅನ್ನಿಸ್ತಿದೆ. ಇದೆಲ್ಲ ಲೆಕ್ಕ ಅಲ್ವಾ? ಜರುಗಿಸುವುದು, ಎಣಿಸುವುದು, ಮತ್ತೆ ಮೊದಲಿಗೆ ಬರುವುದು. ಭಾವ ಎಲ್ಲಿದೆ?

ಮರದಪಟ್ಟಿ

ನ್ಯಾಯವಾದ ಪ್ರಶ್ನೆ. ಇದಕ್ಕೆ ರೈಶ್ ಅವರದೇ ‘ಡ್ರಮ್ಮಿಂಗ್’ ಉತ್ತರ ಕೊಡುತ್ತೆ ಅಂತ ನನಗನ್ನಿಸುತ್ತೆ. ಸ್ವಲ್ಪ ಉದ್ದ ಬರೀತೀನಿ, ಇದು ನನ್ನ ಇಷ್ಟದ ಕೃತಿ.

1970ರ ಶರತ್ಕಾಲದಿಂದ 1971ರ ಶರತ್ಕಾಲದವರೆಗೆ ಬರೆದದ್ದು. ಅದೇ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಮೊದಲ ಪ್ರಯೋಗ. ಸ್ಟ್ಯಾಂಡಿನ ಮೇಲೆ ಸಾಲಾಗಿ ಶ್ರುತಿ ಮಾಡಿದ ನಾಲ್ಕು ಜೊತೆ ಬೊಂಗೊ ಅನ್ನೋ ಪುಟ್ಟ ಡೋಲು, ಕೋಲಿನಿಂದ ನುಡಿಸುವ ಮರದ ಪಟ್ಟಿಗಳ ಮೂರು ಮರಿಂಬಾ, ಲೋಹದ ಪಟ್ಟಿಗಳ ಮೂರು ಗ್ಲೊಕೆನ್‌ಷ್ಪೀಲ್, ಜೊತೆಗೆ ಹೆಂಗಸರ ಕಂಠ, ಸಿಳ್ಳೆ, ಪಿಕ್ಕೊಲೊ ಅನ್ನೋ ಪುಟ್ಟ ಕೊಳಲು. ಒಂದು ಗಂಟೆಯ ಆಚೆ ಈಚೆ ಹೋಗುತ್ತೆ. ಇಷ್ಟೂ ಹೊತ್ತಿಗೆ ಮೂಲ ಲಯಪಾಠ ಒಂದೇ!

ಶುರುವಾಗೋದು ಒಂದೇ ಪೆಟ್ಟಿನಿಂದ. 12 ಮಾತ್ರೆಯ ಆವರ್ತದಲ್ಲಿ ಒಂದು ಪೆಟ್ಟು, ಉಳಿದದ್ದೆಲ್ಲ ಮೌನ. ಹಲವು ಆವರ್ತ ಆದ ಮೇಲೆ ಒಂದು ಮೌನದ ಜಾಗಕ್ಕೆ ಇನ್ನೊಂದು ಪೆಟ್ಟು ಬಂದು ಕೂರುತ್ತೆ. ಆಮೇಲೆ ಇನ್ನೊಂದು. ಹೀಗೆ ಮೌನವನ್ನ ಒಂದೊಂದಾಗಿ ತುಂಬುತ್ತಾ ಪಾಠ ಕಟ್ಟಿಕೊಳ್ಳುತ್ತೆ. ಪೂರ್ತಿ ಆದ ಮೇಲೆ ಇಬ್ಬರು ಒಂದೇ ಪಾಠ ನುಡಿಸ್ತಾ ಇರುವಾಗ ಒಬ್ಬ ಇದ್ದಲ್ಲೇ ನಿಲ್ತಾನೆ, ಇನ್ನೊಬ್ಬ ಕೂದಲೆಳೆಯಷ್ಟು ವೇಗ ಹೆಚ್ಚಿಸಿಕೊಂಡು, ಸುಮಾರು ಅರ್ಧ ನಿಮಿಷದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಅಲ್ಲಿ ಕೂರ್ತಾನೆ. ಆ ಅರ್ಧ ನಿಮಿಷ ಕೇಳಿ. ಪೆಟ್ಟುಗಳು ಮೊದಲು ದಪ್ಪಗಾಗುತ್ತವೆ, ಆಮೇಲೆ ಸೀಳುತ್ತವೆ, ಆಮೇಲೆ ಗದ್ದಲ, ಇದ್ದಕ್ಕಿದ್ದ ಹಾಗೆ ಮತ್ತೆ ಹಲ್ಲಿಗೆ ಹಲ್ಲು ಕೂತ ಹಾಗೆ ಹೊಸ ಹೆಣಿಗೆ.

ನಾನು ಎರಡನೇ ಭಾಗದಲ್ಲಿ ಮರಿಂಬಾ ನುಡಿಸಿದ್ದೀನಿ. ಎಲ್ಲರೂ ಜರುಗುವವನದ್ದೇ ಕಷ್ಟದ ಕೆಲಸ ಅಂದುಕೊಳ್ತಾರೆ. ಅಲ್ಲ. ನಿಂತವನದ್ದು. ಪಕ್ಕದವನು ನಿನ್ನನ್ನ ಎಳೀತಾ ಇರ್ತಾನೆ. ಜೊತೆಗೂಡಬೇಕು ಅನ್ನೋದು ವಾದ್ಯಗಾರನ ರಕ್ತದಲ್ಲೇ ಇರುತ್ತೆ. ಆ ಆಸೆಯನ್ನ ತಡೆದು ನಿಲ್ಲಬೇಕು. ನಮ್ಮ ಮೊದಲ ಪ್ರಯೋಗದಲ್ಲಿ ನಾನು ನಿಲ್ಲಲಿಲ್ಲ. ಜರುಗುವವಳ ಜೊತೆ ನಾನೂ ಗೊತ್ತಿಲ್ಲದೇ ವೇಗ ಹೆಚ್ಚಿಸಿದೆ. ಇಬ್ಬರೂ ಒಟ್ಟಿಗೇ ಓಡಿದೆವು, ಪಾಠ ಜರುಗಲೇ ಇಲ್ಲ. ಮೂರನೆಯವನು ಒಳಗೆ ಬರಬೇಕಾದ ಜಾಗವೇ ಸಿಗದೆ ಕೋಲು ಹಿಡಿದು ನಿಂತಿದ್ದ. ಅವನ ಮುಖ ನನಗೆ ಇನ್ನೂ ನೆನಪಿದೆ. ಅಂದಿನಿಂದ ನಿಲ್ಲುವ ಸರದಿ ಬಂದಾಗ ಪಕ್ಕದವರ ಕೋಲು ನೋಡಲ್ಲ, ನನ್ನದೇ ಪಟ್ಟಿಯ ಗಂಟು ನೋಡ್ತೀನಿ.

ಇನ್ನು ಭಾವ. ಮರಿಂಬಾಗಳು ಹೆಣೆದುಕೊಂಡಾಗ ಅದರೊಳಗಿಂದ ಸಣ್ಣಸಣ್ಣ ರಾಗಗಳು ಏಳುತ್ತವೆ. ಯಾರೂ ನುಡಿಸ್ತಿಲ್ಲ. ಒಬ್ಬನ ಒಂದು ಸ್ವರ, ಇನ್ನೊಬ್ಬಳ ಮುಂದಿನ ಸ್ವರ, ಮತ್ತೊಬ್ಬನ ಅದರ ಮುಂದಿನದು ಸೇರಿ ಆಗಿರೋದು. ರೈಶ್ ಇದನ್ನ ರಚಿಸುವಾಗ ಮರಿಂಬಾಗಳ ನಡುವೆ ಹೆಂಗಸರ ದನಿ ಕೇಳಿದ ಹಾಗಾಯ್ತಂತೆ. ಅದಕ್ಕೇ ಕಂಠ ಸೇರಿಸಿದರು. ಆ ಹಾಡುಗಾರ್ತಿಯರಿಗೆ ಪದ ಇಲ್ಲ. ಹೆಣಿಗೆಯೊಳಗೆ ಅಡಗಿರೋ ಒಂದು ರಾಗವನ್ನ ವಾದ್ಯದ ದನಿಯಲ್ಲೇ ಅನುಕರಿಸಿ ಮೆಲ್ಲಗೆ ಮೇಲೆತ್ತುತ್ತಾರೆ, ಮತ್ತೆ ಅದರೊಳಗೇ ಮುಳುಗಿಸುತ್ತಾರೆ. ಇದಕ್ಕೆ ಭಾವ ಅನ್ನದೇ ನಾನು ಇನ್ನೇನೂ ಅನ್ನಲಾರೆ.

ಹಿಂದಿನಬೆಂಚು

ಇವತ್ತು ರಾತ್ರಿ ಇಯರ್‌ಫೋನ್ ತೆಗೆದಿಟ್ಟು, ಸ್ಪೀಕರ್‌ನಲ್ಲಿ ಪೂರ್ತಿ ಕೇಳ್ತೀನಿ.

ಮಾತ್ರಾಲೆಕ್ಕ

ಕೇಳುವಾಗ ಭಾಗದಿಂದ ಭಾಗಕ್ಕೆ ದಾಟುವ ಜಾಗ ಗಮನಿಸಿ. ಬೊಂಗೊ ನಿಂತು ಮರಿಂಬಾ ಶುರುವಾಗಲ್ಲ. ಬೊಂಗೊಗಳು ನುಡಿಸ್ತಿರೋ ಅದೇ ಪಾಠವನ್ನ ಅದೇ ಸ್ವರಗಳಲ್ಲಿ ಮರಿಂಬಾಗಳು ಮೆಲ್ಲಗೆ ಹಿಡಿಯುತ್ತವೆ, ಬೊಂಗೊ ಸದ್ದಿಲ್ಲದೆ ಕರಗುತ್ತೆ. ಚರ್ಮ ಮರವಾಗುತ್ತೆ, ಲಯ ಒಂದಿಷ್ಟೂ ಕದಲಲ್ಲ. ಹಾಗೇ ಮರಿಂಬಾ ತನ್ನ ತುದಿಯ ಮೇಲಿನ ಸ್ವರಗಳಿಗೆ ಏರಿದಾಗ ಗ್ಲೊಕೆನ್‌ಷ್ಪೀಲ್ ತನ್ನ ಕೆಳಗಿನ ಸ್ವರಗಳಿಂದ ಬಂದು ಅದನ್ನ ಹಿಡಿಯುತ್ತೆ. ಮರ ಲೋಹವಾಗುತ್ತೆ. ಕೊನೇ ಭಾಗದಲ್ಲಿ ಮೂರೂ ಒಟ್ಟಿಗೆ.

ಮೆಲ್ಲಗೆ ಜರುಗುವ ಆ ವಿಧಾನವನ್ನ ರೈಶ್ ಬಳಸಿದ ಕೊನೇ ಕೃತಿಯೂ ಇದೇ. ಅದು ಶುರುವಾದದ್ದು 1965ರಲ್ಲಿ ಎರಡು ಟೇಪ್ ರೆಕಾರ್ಡರ್ ಒಟ್ಟಿಗೆ ಓಡಿಸಿದಾಗ. ಯಂತ್ರದಿಂದ ಕಲಿತದ್ದನ್ನ ಮನುಷ್ಯರ ಕೈಗೆ ತಂದರು. ‘ಕ್ಲ್ಯಾಪಿಂಗ್ ಮ್ಯೂಸಿಕ್’ಗೂ ಮೊದಲು ಹಾಗೇ ಯೋಚಿಸಿದ್ದರು. ಚಪ್ಪಾಳೆಯಂಥ ಸರಳ ಸದ್ದಿಗೆ ಅದು ಒಗ್ಗಲ್ಲ ಅಂತ ಕಂಡು, ಒಂದೇ ಸಲಕ್ಕೆ ಒಂದು ಮಾತ್ರೆ ಜಿಗಿಯುವ ದಾರಿ ಹಿಡಿದರು.

ಬೇರುಬಿಳಲು

ಇಷ್ಟು ಬರೆದವರಲ್ಲಿ ಯಾರೂ ಘಾನಾದ ಹೆಸರೆತ್ತಲಿಲ್ಲ. ರೈಶ್ 1970ರ ಬೇಸಿಗೆಯಲ್ಲಿ ಘಾನಾ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ಸಂಸ್ಥೆಗೆ ಹೋಗಿ, ಅಲ್ಲಿನ ಎವೆ ಜನರ ಡೋಲು ಕಲಿತರು. ಕಲಿಸಿದವರು ಗಿಡಿಯನ್ ಅಲೊರ್ವೋಯೆ. ಮಲೇರಿಯಾ ಹತ್ತಿ ಅಂದುಕೊಂಡದ್ದಕ್ಕಿಂತ ಬೇಗ ವಾಪಸು ಬರಬೇಕಾಯ್ತು. ಬಂದ ಕೂಡಲೇ ಬರೆಯೋಕೆ ಕೂತದ್ದು ‘ಡ್ರಮ್ಮಿಂಗ್’. 12 ಮಾತ್ರೆಯ ಆವರ್ತ, ಒಬ್ಬೊಬ್ಬರ ಪಾಠ ಒಂದೊಂದು ಕಡೆಯಿಂದ ಶುರುವಾಗುವುದು, ಹೆಣಿಗೆಯಿಂದ ಹೊಸ ರಾಗ ಏಳುವುದು, ಇದೆಲ್ಲ ಎವೆ ವಾದ್ಯಮೇಳದಲ್ಲಿ ಮೊದಲೇ ಇದ್ದದ್ದು. ಗುರುವಿನ ಹೆಸರು ಹೇಳದೇ ಶಿಷ್ಯನ ಹೊಗಳಿಕೆ ಮಾಡೋದು ಸರಿಯಲ್ಲ.

ಮಾತ್ರಾಲೆಕ್ಕ

ಒಪ್ಪಿದೆ, ಹೆಸರು ಹೇಳಬೇಕಿತ್ತು. ಆದರೆ ಒಂದು ತಿದ್ದುಪಡಿ. ಜರುಗಿಸುವ ವಿಧಾನ ಘಾನಾಕ್ಕೆ ಹೋಗುವ ಮೊದಲಿನದು. 1967ರ ‘ಪಿಯಾನೊ ಫೇಸ್’ನಲ್ಲೇ ಇದೆ. ತಾನು ಅದಾಗಲೇ ಹಿಡಿದಿದ್ದ ದಾರಿಗೆ ಆ ಪ್ರವಾಸದಿಂದ ಧೈರ್ಯ ಬಂತು ಅಂತ ಅವರು ಹೇಳಿಕೊಂಡಿದ್ದಾರೆ. ವಿದ್ಯುತ್ ಯಂತ್ರದ ನಾದಕ್ಕಿಂತ ಕೈಯಿಂದ ನುಡಿಸುವ ವಾದ್ಯದ ನಾದ ಶ್ರೀಮಂತ ಅನ್ನೋದೂ ಅಲ್ಲಿ ಗಟ್ಟಿಯಾಯ್ತು. ಇನ್ನೊಂದು, ಅವರು ಎವೆ ಡೋಲು, ಗಂಟೆ ತಂದು ನುಡಿಸಲಿಲ್ಲ. ಬೇರೆ ಸಂಸ್ಕೃತಿಯ ನಾದವನ್ನ ನಕಲು ಮಾಡಬೇಡಿ, ಅದು ಹೇಗೆ ಕಟ್ಟಿದೆ ಅನ್ನೋದನ್ನ ಕಲೀರಿ ಅನ್ನೋದು ಅವರ ನಿಲುವು.

ಬೇರುಬಿಳಲು

ಆ ನಿಲುವು ಗೊತ್ತು, ಗೌರವವೂ ಇದೆ. ಗಂಟೆ, ಡೋಲು ಕದಿಯೋದು ಎಲ್ಲರ ಕಣ್ಣಿಗೂ ಕಾಣುತ್ತೆ. ಕಟ್ಟುವ ಬಗೆ ತೆಗೆದುಕೊಂಡರೆ ಕಾಣಲ್ಲ. ಕಾಣದ ಸಾಲವನ್ನ ಹೆಚ್ಚು ಜೋರಾಗಿ ಹೇಳಬೇಕು ಅನ್ನೋದಷ್ಟೇ ನನ್ನ ಮಾತು. ಸಂಗೀತದ ಬಗ್ಗೆ ತಕರಾರಿಲ್ಲ. ಎವೆ ಮೇಳದ ‘ಗಾಹು’ ಅನ್ನೋ ಕುಣಿತದ ಸಂಗೀತ ಕೇಳಿ, ಆಮೇಲೆ ‘ಡ್ರಮ್ಮಿಂಗ್’ ಕೇಳಿ. ಎವೆ ಮೇಳದಲ್ಲಿ ಮುಖ್ಯ ಡೋಲಿನವನು ಮಾತಾಡ್ತಾನೆ, ಕುಣಿಯುವವರಿಗೆ ಸನ್ನೆ ಕೊಡ್ತಾನೆ. ರೈಶ್ ಅವರಲ್ಲಿ ಆ ಮುಖ್ಯ ಡೋಲೇ ಇಲ್ಲ. ತೆಗೆದದ್ದು ಎಷ್ಟು, ಬಿಟ್ಟದ್ದು ಎಷ್ಟು ಅನ್ನೋದು ಹಾಗೆ ಕೇಳಿದಾಗಲೇ ಗೊತ್ತಾಗೋದು.

ಮರದಪಟ್ಟಿ

ಬೇರುಬಿಳಲು ಅವರ ಕೊನೇ ಮಾತು ನನ್ನನ್ನ ತುಂಬ ಯೋಚನೆಗೆ ಹಚ್ಚಿತು. ಮುಖ್ಯ ಡೋಲು ಇಲ್ಲ. ಜೋಡಿಕೈ ಅವರ ಎರಡನೇ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ಒಬ್ಬರೇ ನುಡಿಸುವಂಥದ್ದು ಇದೆಯಾ ಅಂದರಲ್ಲ. ಒಂಟಿ ತಾಳವಾದ್ಯಗಾರನನ್ನ ಮುಂದೆ ನಿಲ್ಲಿಸಿ, ಹಿಂದೆ ವಾದ್ಯವೃಂದ ಇಟ್ಟು ಮೆರೆಸುವ ಕಡೆ ರೈಶ್ ಅವರ ಮನಸ್ಸು ಹರಿಯಲಿಲ್ಲ. ಅವರಿಗೆ ಬೇಕಾದ್ದು ಒಂದೇ ಥರದ ವಾದ್ಯಗಳ ಜೋಡಿ. ಎರಡು ವಾದ್ಯ ಒಂದೇ ಥರ ಇದ್ದರೆ ಮಾತ್ರ ಹೆಣಿಗೆ ಒಂದಾಗಿ ಕೇಳೋದು. ಹಾಗಾಗಿ ಒಬ್ಬರೇ ನುಡಿಸಬೇಕು ಅಂದರೆ ಉಳಿದ ಪಾತ್ರಗಳನ್ನ ನೀವೇ ನುಡಿಸಿ ಧ್ವನಿಮುದ್ರಿಸಿಕೊಂಡು, ಅದರ ಜೊತೆ ನುಡಿಸಬೇಕು. ಜಪಾನಿನ ಕುನಿಕೊ ಕಾಟೊ ಹೀಗೆ ‘ಎಲೆಕ್ಟ್ರಿಕ್ ಕೌಂಟರ್‌ಪಾಯಿಂಟ್’, ‘ವರ್ಮಾಂಟ್ ಕೌಂಟರ್‌ಪಾಯಿಂಟ್’ ಎರಡನ್ನೂ ತಾಳವಾದ್ಯಕ್ಕೆ ಅಳವಡಿಸಿಕೊಂಡಿದ್ದಾರೆ. ಒಂದು ಗಿಟಾರ್‌ಗೆ ಬರೆದದ್ದು, ಇನ್ನೊಂದು ಕೊಳಲಿಗೆ. ಲೋಹದ ಪಟ್ಟಿಗಳ ವೈಬ್ರಫೋನ್‌ನಲ್ಲಿ ‘ವರ್ಮಾಂಟ್’ ಕೇಳಿದರೆ ಕೊಳಲನ್ನ ಮರೆತೇ ಹೋಗ್ತೀರಿ.

ಆದರೆ ನಿಮಗೆ ತಂಗಿ ಇದ್ದಾಳೆ. ಒಂಟಿತನ ಯಾಕೆ? ಎರಡು ಮರಿಂಬಾ ಸಿಕ್ಕರೆ ‘ನಗೋಯಾ ಮರಿಂಬಾಸ್’ ನೋಡಿ. 1994ರದ್ದು, ಐದು ನಿಮಿಷದ ಆಸುಪಾಸು. ಹಳೇ ಕೃತಿಗಳಷ್ಟು ಪುನರಾವರ್ತನೆ ಇಲ್ಲ, ಪಾಠಗಳು ಬೇಗ ಬೇಗ ಬದಲಾಗುತ್ತವೆ. ಬೆರಳಿಗೆ ಕಷ್ಟ.

ಅನುರಣನ

ಅದಕ್ಕೂ ಮೊದಲು ‘ಮ್ಯೂಸಿಕ್ ಫಾರ್ ಪೀಸಸ್ ಆಫ್ ವುಡ್’. 1973. ಐದು ಜನ, ಐದು ಜೊತೆ ಕ್ಲೇವ್ಸ್ ಅನ್ನೋ ಮರದ ಕಡ್ಡಿ, ಎಲ್ಲಕ್ಕೂ ನಿಗದಿಯಾದ ಶ್ರುತಿ. ಒಬ್ಬ ಕೊನೇವರೆಗೆ ಬರೀ ನಡೆ ಹಿಡೀತಾನೆ, ಅಷ್ಟೇ. ಉಳಿದವರು ಅದರ ಮೇಲೆ ಒಂದೊಂದು ಪೆಟ್ಟು ಕೂಡಿಸುತ್ತಾ ಕಟ್ಟುತ್ತಾರೆ. ಮೂರು ಭಾಗ. ಆವರ್ತ ಆರು, ಆಮೇಲೆ ನಾಲ್ಕು, ಆಮೇಲೆ ಮೂರು ಎಣಿಕೆಗೆ ಇಳಿಯುತ್ತೆ. ವೇಗ ಬದಲಾಗದೇ ಇದ್ದರೂ ಬಿಗಿ ಏರ್ತಾ ಹೋಗುತ್ತೆ. ನಾನು ನಡೆ ಹಿಡಿಯುವ ಪಾತ್ರ ಮಾಡಿದೆ. ಮೃದಂಗದಲ್ಲಿ ಇಷ್ಟು ವರ್ಷದಲ್ಲಿ ಕಲಿಯದ ಒಂದು ಸಂಯಮ ಆ ಹತ್ತು ನಿಮಿಷದಲ್ಲಿ ನನಗೆ ಸಿಕ್ಕಿತು. ಎಲ್ಲೋ ಒಂದು ಕಡೆ ಮುಕ್ತಾಯ ಹಾಕಿಬಿಡಬೇಕು ಅಂತ ಕೈ ತುಡೀತಾ ಇತ್ತು.

ಕಂಪನ

ಇಷ್ಟು ದಿನ ಓದ್ತಾ ಇದ್ದೆ, ಈಗ ಬರೆಯಲೇಬೇಕು ಅನ್ನಿಸಿತು. ಹೆಚ್ಚಾಗಿ ಎಲ್ಲರೂ 70ರ ದಶಕದಲ್ಲೇ ನಿಂತಿದ್ದೀರಿ. 2009ರ ‘ಮ್ಯಾಲೆಟ್ ಕ್ವಾರ್ಟೆಟ್’ ಬಗ್ಗೆ ಒಬ್ಬರಾದರೂ ಹೇಳಿ! ಎರಡು ವೈಬ್ರಫೋನ್, ಎರಡು ಐದು ಸಪ್ತಕದ ಮರಿಂಬಾ. ಬುಡಾಪೆಸ್ಟ್‌ನಲ್ಲಿ ಅಮದಿಂಡಾ ತಂಡ ಮೊದಲು ನುಡಿಸಿದ್ದು. ಅಷ್ಟು ದೊಡ್ಡ ಮರಿಂಬಾಕ್ಕೆ ರೈಶ್ ಅದುವರೆಗೆ ಬರೆದಿರಲಿಲ್ಲ. ಅಷ್ಟು ಕೆಳಗಿನ ಪಟ್ಟಿಗಳಲ್ಲಿ ಕೋಲು ಒಂಚೂರು ಗಟ್ಟಿಯಾದರೂ ಸ್ವರ ಹೋಗಿ ಬರೀ ಸದ್ದು ಉಳಿಯುತ್ತೆ ಅಂತ ಅವರಿಗೆ ಅಳುಕಿತ್ತು. ನುಡಿಸಿದವರಿಗೆ ಆ ಅಳುಕು ಅರ್ಥವಾಗುತ್ತೆ. ಕೆಳಗಿನ ಪಟ್ಟಿಗಳು ಅಗಲ, ತೆಳು. ನೂಲು ದಪ್ಪಗೆ ಸುತ್ತಿದ ಮೆತ್ತನೆ ಕೋಲು ಹಿಡಿದು, ಹೊಡೆಯೋದಲ್ಲ, ಬಿಡೋದು. ಕೋಲು ತಾನೇ ಎದ್ದು ಬರಬೇಕು. ಆದರೆ ಅದೇ ಮೆತ್ತನೆ ಕೋಲಲ್ಲಿ ಮೇಲಿನ ಪಟ್ಟಿ ಮುಟ್ಟಿದರೆ ಲಯದ ಅಂಚು ಮೊಂಡಾಗುತ್ತೆ. ನಾನು ಎಡಗೈಗೆ ಒಂದು ಬಗೆ, ಬಲಗೈಗೆ ಇನ್ನೊಂದು ಬಗೆ ಇಟ್ಟುಕೊಂಡ ಮೇಲೆ ಸರಿಹೋಯ್ತು.

ಮರಿಂಬಾಗಳು ಕೆಳಗೆ ಹೆಣಿಗೆ ಹಾಕ್ತಾ ಹೋಗುತ್ತವೆ, ವೈಬ್ರಫೋನ್‌ಗಳು ಮೇಲೆ ಒಂದನ್ನೊಂದು ಹಿಂಬಾಲಿಸಿ ಹಾಡುತ್ತವೆ. ನಡುವಿನ ನಿಧಾನ ಭಾಗದಲ್ಲಿ ಎಲ್ಲ ತೆಳುವಾಗಿ, ಸ್ವರದಿಂದ ಸ್ವರಕ್ಕೆ ಗಾಳಿ ಆಡುತ್ತೆ.

‘ಸೆಕ್ಸ್‌ಟೆಟ್’ನಲ್ಲೂ ಇಂಥದ್ದೊಂದು ಹಟ ಇದೆ, 1984ರದ್ದು. ತಾಳವಾದ್ಯದ ನಾದ ಗಿಡ್ಡ, ಹೊಡೆದ ಮೇಲೆ ಸಾಯುತ್ತೆ. ಅದನ್ನ ಮೀರಬೇಕು ಅಂತ ವೈಬ್ರಫೋನ್ ಪಟ್ಟಿಯ ಅಂಚಿಗೆ ಪಿಟೀಲಿನಂಥ ಕಮಾನು ಹಾಕಿ ಎಳೆಸಿದ್ದಾರೆ. ಗಾಜಿನ ಲೋಟದ ಅಂಚು ಒದ್ದೆ ಬೆರಳಲ್ಲಿ ಉಜ್ಜಿದ ಹಾಗೆ ನಾದ ನಿಧಾನಕ್ಕೆ ಬೆಳೆದು ನಿಲ್ಲುತ್ತೆ.

ಬೇರುಬಿಳಲು

‘ಮ್ಯಾಲೆಟ್ ಕ್ವಾರ್ಟೆಟ್’ ನಡುವಿನ ಭಾಗ ನನಗೂ ತುಂಬ ಇಷ್ಟ. 2013ರ ‘ಕ್ವಾರ್ಟೆಟ್’ ಕೂಡ ಸೇರಿಸಿ. ಎರಡು ವೈಬ್ರಫೋನ್, ಎರಡು ಪಿಯಾನೊ. ತಾಳವಾದ್ಯಗಾರ ಕಾಲಿನ್ ಕರಿ ಅವರ ತಂಡಕ್ಕೆ ಬರೆದದ್ದು. ಅವರ ತಂಡ ಹುಟ್ಟಿದ್ದೇ 2006ರಲ್ಲಿ, ರೈಶ್ ಅವರ 70ನೇ ವರ್ಷಕ್ಕೆ ‘ಡ್ರಮ್ಮಿಂಗ್’ ನುಡಿಸೋಕೆ.

ಹಿಂದಿನಬೆಂಚು

‘ಡ್ರಮ್ಮಿಂಗ್’ ಪೂರ್ತಿ ಕೇಳಿದೆ. ಮೊದಲ ಹತ್ತು ನಿಮಿಷ ಕಾಯ್ತಾ ಕೂತಿದ್ದೆ, ಏನಾದರೂ ಆಗಲಿ ಅಂತ. ಎರಡನೇ ಭಾಗದಲ್ಲಿ ಹೆಂಗಸಿನ ದನಿ ಕೇಳಿದ ಹಾಗಾಯ್ತು. ಹಾಡುಗಾರ್ತಿ ಬಂದರು ಅಂದುಕೊಂಡೆ. ಮತ್ತೆ ಹಿಂದಕ್ಕೆ ಹೋಗಿ ಕೇಳಿದರೆ ಅವರಿನ್ನೂ ಬಂದಿರಲೇ ಇಲ್ಲ, ಬರೀ ಮರಿಂಬಾ. ಮೈ ಜುಮ್ಮೆಂದಿತು. ನನ್ನ ಪ್ರಶ್ನೆ ವಾಪಸು ತಗೊಂಡಿದ್ದೀನಿ.

ಮರದಪಟ್ಟಿ

ಹಿಂದಿನಬೆಂಚು ಅವರೇ, ಇದನ್ನ ಓದಿ ಕಣ್ಣು ತುಂಬಿತು.

ಜೋಡಿಕೈ

ಮೂರು ವಾರ ಆಯ್ತು, ಹೇಳಿಬಿಡ್ತೀನಿ. ನಿನ್ನೆ ರಾತ್ರಿ ಮೊದಲ ಸಲ ಕೊನೇವರೆಗೆ ಹೋದೆವು. ಪ್ರತಿ ಸಾಲೂ 12 ಬಾರಿ, ಒಂದೂ ಬಿಡದೆ. ಏಳನೇ ಸಾಲಲ್ಲಿ ತಂಗಿಯ ಹಿಮ್ಮಡಿ ನೆಲಕ್ಕೆ ಮುಟ್ಟೋದು ನನಗೆ ಕಾಣ್ತಿತ್ತು, ಕೇಳ್ತಿರಲಿಲ್ಲ. ನಾನು ಅವಳ ಕೈ ನೋಡದೆ ಎದುರಿನ ಗೋಡೆ ನೋಡಿಕೊಂಡು ನಿಂತೆ.

ಮಾತ್ರಾಲೆಕ್ಕ ಅವರ ಹಾಗೆ ಎಲ್ಲ ಸಾಲಿಗೂ ಸುತ್ತು ಹಾಕಿ ನೋಡಿದ್ದೆವು. ಎರಡು, ಏಳು, ಹನ್ನೆರಡನೇ ಸಾಲುಗಳಲ್ಲಿ ಮೌನವೇ ಇಲ್ಲ, 12 ಮಾತ್ರೆಗೂ ಯಾರದ್ದೋ ಒಂದು ಕೈ ಬೀಳುತ್ತೆ. ಕಾಗದದಲ್ಲಿ ನೋಡಿದ್ದು ಬೇರೆ. ನಿನ್ನೆ ಹನ್ನೆರಡನೇ ಸಾಲಲ್ಲಿ ಸುರಿಮಳೆಯ ಹಾಗೆ ಒಂದೇ ಸಮ ಬೀಳ್ತಾ ಇತ್ತು, ನನ್ನ ಚಪ್ಪಾಳೆ ಯಾವುದು ಅಂತ ನನಗೇ ತಿಳೀತಿರಲಿಲ್ಲ. ಆಗ ತಂಗಿ ಕೊನೇ ಮಾತ್ರೆ ಜಿಗಿದಳು. ಮಳೆ ನಿಂತು ನಾಲ್ಕು ಮೌನ ಒಟ್ಟಿಗೆ ತೆರೆದುಕೊಂಡವು.